ಉಂಡೆಯೊಳಗೆ ಇದ್ದಲು, ಎಲೆಯೊಳಗೆ ಬೆಲ್ಲ: ಹೆಸರಾಗದ ಊಟದ ಹಬ್ಬಗಳನ್ನು ಮನೆಯಲ್ಲಿ ಮಾಡುವುದು ಹೇಗೆ

ಬಟ್ಟಲಿಗೆ ಬಿದ್ದ ಹಿಟ್ಟಿನ ಉಂಡೆ ಒಡೆದಾಗ ಇದ್ದಲಿನ ಚೂರು ಸಿಕ್ಕರೆ ಮನಸ್ಸು ಕಪ್ಪು. ಉಪ್ಪಿನ ಹರಳು ಬಂದರೆ ಸೋಮಾರಿ. ಮೆಣಸಿನಕಾಯಿ ಬಂದವರು ಬಾಯಿಬಡುಕರು, ಉಣ್ಣೆ ಬಂದವರು ಮೆತ್ತನೆ ಮನಸ್ಸಿನವರು. ಮುಂಡಗೋಡದ ಟಿಬೆಟನ್ ಕ್ಯಾಂಪುಗಳ ಮನೆಗಳಲ್ಲಿ ವರ್ಷಕ್ಕೊಂದು ರಾತ್ರಿ ಹೀಗೆ ಎಲ್ಲರ ಗುಣವೂ ಊಟದ ನಡುವೆ ಬಯಲಾಗುತ್ತದೆ. ಆ ರಾತ್ರಿಯ ಸೂಪಿನ ಹೆಸರು ಗುತುಕ್. ಟಿಬೆಟನ್ ಪಂಚಾಂಗದ ಹನ್ನೆರಡನೇ ತಿಂಗಳ 29ನೇ ದಿನ, ಅಂದರೆ ಹೊಸ ವರ್ಷ ಲೋಸರ್‌ಗೆ ಸಾಮಾನ್ಯವಾಗಿ ಎರಡು ದಿನ ಮೊದಲು, ಇದನ್ನು ಮಾಡುತ್ತಾರೆ.

1966ರಲ್ಲಿ ಮುಂಡಗೋಡದಲ್ಲಿ ಟಿಬೆಟನ್ನರ ನೆಲೆ ಶುರುವಾಯಿತು. ಡ್ರೆಪುಂಗ್ ಮತ್ತು ಗಾಂದೆನ್ ಎಂಬ ದೊಡ್ಡ ಮಠಗಳು ಇಲ್ಲಿ ಮತ್ತೆ ತಲೆಯೆತ್ತಿದವು. ನಮ್ಮವರು ಮಠ ನೋಡಲು ಹೋಗುತ್ತಾರೆ, ಮೋಮೊ ತಿಂದು ಬರುತ್ತಾರೆ. ಗುತುಕ್ ಮಾತ್ರ ಹೋಟೆಲಿನ ಮೆನುವಿಗೆ ಬರುವಂಥದ್ದಲ್ಲ, ಅದು ಮನೆಯೊಳಗಿನ ಹಬ್ಬ. ಹಾಗಾಗಿ ಅರ್ಧ ಗಂಟೆಯ ದಾರಿಯಲ್ಲಿ ಇರುವವರಿಗೂ ಅದರ ಸುದ್ದಿ ತಿಳಿದಿಲ್ಲ.

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಊಟದ ಹಬ್ಬಗಳು ಬೇಕಾದಷ್ಟಿವೆ. ಪೂರ್ವಕ್ಕೆ ಧಾರವಾಡ ಸೀಮೆಯ ಜೋಳ, ಪಶ್ಚಿಮಕ್ಕೆ ಗೋವಾ ಗಡಿಯ ತೆಂಗು ಮತ್ತು ಮುರುಗಲು, ನಡುವೆ ಕಾಳಿ ಕಣಿವೆಯ ಕಾಡು. ದಾಂಡೇಲಿಯ ಕತೆ ಇನ್ನೂ ಬೇರೆ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಮೇಲೆ ಅಲ್ಲಿಗೆ ಮಲಯಾಳಿಗಳು, ತೆಲುಗರು, ಮರಾಠಿಗರು, ಉತ್ತರದವರು ಎಲ್ಲರೂ ಬಂದು ನೆಲೆಸಿದರು. ಒಂದೇ ಸಾಲಿನ ನಾಲ್ಕು ಮನೆಗಳಲ್ಲಿ ನಾಲ್ಕು ಬಗೆಯ ಹಬ್ಬದಡುಗೆ ಇದ್ದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಈಗ ಮೊಬೈಲಿನಲ್ಲಿ ದಿನಕ್ಕೊಂದು ‘ವಿಶ್ವ ಸಮೋಸಾ ದಿನ’, ‘ವಡಾಪಾವ್ ದಿನ’ ಬರುತ್ತವೆ. ತಪ್ಪೇನಿಲ್ಲ, ನೆಪ ಸಿಕ್ಕರೆ ಯಾರಿಗೆ ಬೇಡ? ಆದರೆ ಆ ದಿನಗಳು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಸಮೋಸಾ ವರ್ಷವಿಡೀ ಸಿಗುತ್ತದೆ, ಬೇಕರಿಯವನು ಕರಿದುಕೊಡುತ್ತಾನೆ, ಮನೆಯವರಿಗೆ ಮಾಡಲು ಕೆಲಸವೇ ಇಲ್ಲ. ಹಳೆಯ ಊಟದ ಹಬ್ಬಗಳು ಉಳಿದುಬಂದದ್ದು ಎರಡು ಕಾರಣಕ್ಕೆ ಎಂದು ನನಗನ್ನಿಸುತ್ತದೆ. ಆ ಪದಾರ್ಥ ಆ ಹಂಗಾಮಿನಲ್ಲೇ ಚೆನ್ನಾಗಿ ಸಿಗುತ್ತದೆ. ಅದನ್ನು ಮಾಡುವಾಗ ಮನೆಯ ಪ್ರತಿಯೊಬ್ಬರ ಕೈಗೂ ಒಂದು ಕೆಲಸ ಬೀಳುತ್ತದೆ. ಈ ಎರಡನ್ನು ಹಿಡಿದುಕೊಂಡರೆ ಮನೆಯಲ್ಲಿ ಇಂಥ ಹಬ್ಬ ಮಾಡುವುದು ಕಷ್ಟವಲ್ಲ. ಹನ್ನೆರಡು ಬಗೆಯ ಅಡುಗೆ ಬೇಡ. ಒಂದು ಮುಖ್ಯ ತಿನಿಸು, ಅದಕ್ಕೆ ನೆಂಚಿಕೊಳ್ಳಲು ಒಂದು, ಸಿಹಿ ಬೇಕೆಂದರೆ ಇನ್ನೊಂದು. ಅಲ್ಲಿಗೆ ಮುಗಿಯಿತು.

ಮೊದಲು ಗುತುಕ್. ಐದಾರು ಜನರಿಗೆ ಎರಡು ಲೋಟ ಮೈದಾ ಅಥವಾ ನುಣ್ಣನೆಯ ಗೋಧಿ ಹಿಟ್ಟನ್ನು ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಇದರಲ್ಲಿ ಕಾಲು ಭಾಗ ತೆಗೆದಿಟ್ಟು, ಉಳಿದದ್ದನ್ನು ಹಗ್ಗದ ಹಾಗೆ ಹೊಸೆದು ಬಟಾಣಿ ಗಾತ್ರಕ್ಕೆ ಚಿವುಟಿಕೊಳ್ಳಿ. ಒಂದೊಂದು ಚೂರನ್ನೂ ಅಂಗೈ ಮೇಲೋ ಮಣೆಯ ಮೇಲೋ ಇಟ್ಟು ಹೆಬ್ಬೆರಳಿನಿಂದ ಒತ್ತಿ ಮುಂದಕ್ಕೆ ಎಳೆದರೆ ಅದು ಸುರುಳಿಗೊಂಡು ಪುಟ್ಟ ಚಿಪ್ಪಿನಂತಾಗುತ್ತದೆ. ಇದೇ ಭಾತ್ಸಾ. ದೊಡ್ಡವರ ಹೆಬ್ಬೆರಳಿಗಿಂತ ಎಂಟು ವರ್ಷದ ಹುಡುಗಿಯ ಹೆಬ್ಬೆರಳಿಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತದೆ. ಚಿಪ್ಪು ತೆಳುವಾದಷ್ಟೂ ಬೇಗ ಬೇಯುತ್ತದೆ, ಸೂಪು ಅದರ ಹೊಟ್ಟೆಯಲ್ಲಿ ನಿಲ್ಲುತ್ತದೆ. ಒಂದಕ್ಕೊಂದು ಅಂಟದಂತೆ ಒಣ ಹಿಟ್ಟು ಉದುರಿಸಿಡಿ.

ತೆಗೆದಿಟ್ಟ ಹಿಟ್ಟಿನಿಂದ ತಲೆಗೊಂದರಂತೆ ನಿಂಬೆ ಗಾತ್ರದ ಉಂಡೆ ಮಾಡಬೇಕು. ಒಳಗೆ ಗುಣದ ಗುರುತು. ಈಗ ಎಷ್ಟೋ ಮನೆಗಳಲ್ಲಿ ವಸ್ತುವಿನ ಬದಲು ಚೀಟಿ ಇಡುತ್ತಾರೆ. ಚಿಕ್ಕ ಮಕ್ಕಳಿರುವ ಮನೆಗೆ ಇದೇ ಸರಿ. ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಸೂಪಿನಲ್ಲಿ ಬೆಂದು ಕಲಸಿಹೋಗುತ್ತದೆ. ಬರೆಯುವ ಕೆಲಸ ಮನೆಯಲ್ಲಿ ಅತಿ ಕಿಲಾಡಿ ಯಾರೋ ಅವರಿಗೆ ಕೊಡಿ. ಇದ್ದಲು, ಉಪ್ಪು, ಉಣ್ಣೆಯ ಜೊತೆಗೆ ‘ರಿಮೋಟ್ ಬಿಡದವರು’, ‘ಕಡೆಯ ಹಪ್ಪಳ ಎಗರಿಸುವವರು’ ಎಂಬ ಚೀಟಿಗಳೂ ಸೇರಲಿ. ಈ ಉಂಡೆಗಳು ತಿನ್ನುವುದಕ್ಕಲ್ಲ, ಒಡೆದು ನೋಡುವುದಕ್ಕೆ ಮಾತ್ರ ಎಂದು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಸೂಪಿನ ಲೆಕ್ಕ ಒಂಬತ್ತು. ಕಡಿಮೆಯೆಂದರೂ ಒಂಬತ್ತು ಪದಾರ್ಥ ಬೀಳಬೇಕು ಎಂಬುದು ರೂಢಿ. ಟಿಬೆಟನ್ನರ ಮನೆಗಳಲ್ಲಿ ಮಾಂಸ, ಒಣಗಿಸಿದ ಚೀಸ್, ಮೂಲಂಗಿ, ಬಟಾಣಿ ಬೀಳುತ್ತವೆ. ಸಸ್ಯಾಹಾರಿ ಮನೆಯಲ್ಲಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಟೊಮೆಟೊ ಒಗ್ಗರಣೆಯಲ್ಲಿ ಬಾಡಿಸಿ, ಮೂಲಂಗಿ, ಗಜ್ಜರಿ, ಬಟಾಣಿ, ಆಲೂಗಡ್ಡೆ ಹಾಕಿ ಎರಡೂವರೆ ಲೀಟರ್ ನೀರಿನಲ್ಲಿ ಕುದಿಸಿ. ಮೊದಲು ದೊಡ್ಡ ಉಂಡೆಗಳು, ಹತ್ತು ನಿಮಿಷದ ಮೇಲೆ ಚಿಪ್ಪುಗಳು, ಅವು ಮೇಲೆ ತೇಲಿದ ಮೇಲೆ ಒಂದು ಹಿಡಿ ಪಾಲಕ್. ಮೆಣಸಿನ ಪುಡಿ ಹಾಕದೆ ಕಾಳುಮೆಣಸಿನ ಖಾರವಷ್ಟೇ ಇದ್ದರೆ ಮಕ್ಕಳೂ ಉಣ್ಣುತ್ತಾರೆ. ಒಂಬತ್ತು ಬಟ್ಟಲು ಕುಡಿಯಬೇಕೆಂಬ ಮಾತೂ ಇದೆ. ಚಿಕ್ಕ ಬಟ್ಟಲು ತೆಗೆದುಕೊಳ್ಳಿ.

ಊಟದ ಕೊನೆಗೆ ಬಟ್ಟಲಲ್ಲಿ ಸ್ವಲ್ಪ ಉಳಿಸಿ, ಹಿಟ್ಟಿನ ಬೊಂಬೆಯ ಜೊತೆ ಮನೆಯ ಹೊರಗೆ, ಕೂಡುರಸ್ತೆಯಲ್ಲಿ ಹಾಕಿ ವರ್ಷದ ಕೆಡುಕನ್ನು ಅಟ್ಟುವುದು ಟಿಬೆಟನ್ನರ ಆಚರಣೆ. ಅದು ಅವರ ಶ್ರದ್ಧೆಯ ಭಾಗ, ನಾವು ಅದನ್ನು ಆಟಕ್ಕೆ ಅನುಕರಿಸಬೇಕಿಲ್ಲ. ಸೂಪು, ಉಂಡೆ, ನಗು ಇಷ್ಟು ಸಾಕು. ಇದು ಯಾರ ಹಬ್ಬ, ಅವರು ಎಲ್ಲಿಂದ ಬಂದರು ಎಂಬುದನ್ನು ಹಿಟ್ಟು ಚಿವುಟುವ ಹೊತ್ತಿನಲ್ಲೇ ಮಕ್ಕಳಿಗೆ ಹೇಳಿಬಿಡಬಹುದು. ಕೈಗೆ ಕೆಲಸ ಇರುವಾಗ ಕಿವಿ ಖಾಲಿ ಇರುತ್ತದೆ.

ಗುತುಕ್‌ಗಿಂತ ಒಂದು ತಿಂಗಳು ಮೊದಲು, ಜನವರಿ ಹೊತ್ತಿಗೆ, ಜೊಯಿಡಾದಲ್ಲಿ ಗೆಡ್ಡೆ–ಗೆಣಸು ಮೇಳ ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಇದು ಪತ್ರಿಕೆಗಳಲ್ಲಿ ಹೆಸರು ಮಾಡಿದೆ. ಹಿಂದೆ ನಿಂತವರು ಕುಣಬಿ ಸಮಾಜದವರು. ಮಳೆ ಹಿಡಿಯುವ ಹೊತ್ತಿಗೆ ಮನೆಯ ಅಕ್ಕಪಕ್ಕದ ಮಣ್ಣಿನ ಗುಪ್ಪೆಗಳಲ್ಲಿ ನೆಟ್ಟ ಗೆಡ್ಡೆಯನ್ನು ಬಳ್ಳಿ ಒಣಗಿದ ಮೇಲೆ, ಡಿಸೆಂಬರ್–ಜನವರಿಯಲ್ಲಿ ಅಗೆಯುತ್ತಾರೆ. ಕೋನ, ಮುಡ್ಲಿ, ಕಣಗ, ಸುವರ್ಣಗೆಡ್ಡೆ, ಮರಗೆಣಸು, ಸಿಹಿಗೆಣಸು ರಾಶಿರಾಶಿಯಾಗಿ ಬಂದು ಕೂರುತ್ತವೆ. ಕೆಲವು ಮಗುವಿನ ಕಾಲಿನಷ್ಟು ದಪ್ಪ, ಕೆಲವಕ್ಕೆ ಕರಡಿಯ ಮೈಯ ಹಾಗೆ ಕೂದಲು. ಮಾರುವ ಹೆಂಗಸು ಕೋನದ ತುದಿಯನ್ನು ಕತ್ತಿಯಿಂದ ಕಚಕ್ಕೆಂದು ಹೊಡೆದು ಒಳಗಿನ ನೇರಳೆ ಬಣ್ಣ ತೋರಿಸುತ್ತಾಳೆ. ಲೋಳೆ ದಾರದಂತೆ ಎಳೆಯುತ್ತದೆ. “ಕೈ ಒದ್ದೆ ಮಾಡ್ಕೊಂಡು ಹೆಚ್ಚಬ್ಯಾಡ್ರಿ ಅಕ್ಕಾ, ಎಣ್ಣೆ ಹಚ್ಕೊಳ್ರಿ” ಎನ್ನುವ ಬುದ್ಧಿವಾದ ಗೆಡ್ಡೆಯ ಜೊತೆ ಪುಕ್ಕಟೆ.

ಆ ಬುದ್ಧಿವಾದದಲ್ಲಿ ರಸಾಯನಶಾಸ್ತ್ರವೇ ಇದೆ. ಸುವರ್ಣಗೆಡ್ಡೆ ಮತ್ತು ಕೆಸುವಿನ ಜಾತಿಯ ಗೆಡ್ಡೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಚರ್ಮಕ್ಕೋ ನಾಲಗೆಗೋ ಚುಚ್ಚಿದರೆ ಕಡಿತ. ಕೈಗೆ ಎಣ್ಣೆ ಸವರಿಕೊಂಡರೆ ಅದು ಪದರದಂತೆ ಅಡ್ಡ ನಿಲ್ಲುತ್ತದೆ. ಹುಣಸೆ ಅಥವಾ ಮುರುಗಲಿನ ಹುಳಿ ಹಾಕಿ ಮೆತ್ತಗಾಗುವ ತನಕ ಬೇಯಿಸುವುದು ಈ ಕಡಿತಕ್ಕೆ ನಮ್ಮ ಅಡುಗೆಮನೆಗಳ ಹಳೆಯ ಮದ್ದು. ಅರೆಬೆಂದದ್ದನ್ನು ರುಚಿ ನೋಡುವ ಚಟ ಇದ್ದವರು ಅಂದು ಅದನ್ನು ಬದಿಗಿಡಲಿ. ಮರಗೆಣಸಿನ ವಿಷಯ ಬೇರೆ. ಅದರಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ದಪ್ಪ ಸಿಪ್ಪೆ ಪೂರ್ತಿ ತೆಗೆದು, ತುಂಡು ಮಾಡಿ, ಧಾರಾಳ ನೀರಿನಲ್ಲಿ ಮುಚ್ಚಳ ತೆರೆದು ಬೇಯಿಸಿ, ಆ ನೀರನ್ನು ಚೆಲ್ಲಬೇಕು.

ಇನ್ನೊಂದು ಎಚ್ಚರಿಕೆ. ‘ಕಾಡಿನ ಗೆಣಸು’ ಎಂಬ ಹುಮ್ಮಸ್ಸಿನಲ್ಲಿ ಗುದ್ದಲಿ ಹಿಡಿದು ಹೊರಡಬೇಡಿ. ಕಾಡುಗೆಣಸಿನ ಬಳ್ಳಿಗಳಲ್ಲಿ ವಿಷದವೂ ಇವೆ. ಅವುಗಳ ವಿಷ ತೆಗೆಯಲು ತೆಳುವಾಗಿ ಹೆಚ್ಚಿ ಹರಿವ ನೀರಿನಲ್ಲಿ ದಿನಗಟ್ಟಲೆ ಇಡುವ ಪದ್ಧತಿ ಗೊತ್ತಿರಬೇಕು. ಮೇಲಾಗಿ ಇಲ್ಲಿನ ಕಾಡಿನ ಬಹುಪಾಲು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಬೆಳೆದವರ ಹತ್ತಿರ ಕೊಂಡರೆ ದುಡ್ಡೂ ಅವರ ಕೈಗೆ ಹೋಗುತ್ತದೆ, ಬೇಯಿಸುವ ಬಗೆಯೂ ಜೊತೆಗೆ ಸಿಗುತ್ತದೆ.

ಮನೆಯಲ್ಲಿ ಗೆಡ್ಡೆ ಹಬ್ಬ ಮಾಡಲು ತಲೆಗೆ ಕಾಲು ಕೆಜಿಯಂತೆ ಮೂರು ಬಗೆಯ ಗೆಡ್ಡೆ ಸಾಕು. ಒಂದೇ ಕುಕ್ಕರಿಗೆ ಎಲ್ಲವನ್ನೂ ತುರುಕಿದರೆ ಸಿಹಿಗೆಣಸು ಕರಗಿಹೋಗುತ್ತದೆ, ಕೋನ ಗಟ್ಟಿ ಉಳಿಯುತ್ತದೆ. ಇಡ್ಲಿ ಪಾತ್ರೆಯ ಹಬೆಯಲ್ಲಿ ಸಿಹಿಗೆಣಸಿನ ತುಂಡಿಗೆ ಹದಿನೈದು ನಿಮಿಷ, ಕೋನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು. ಚಾಕು ಸಲೀಸಾಗಿ ಇಳಿದರೆ ಬೆಂದಿದೆ. ಬೆಂದ ತುಂಡುಗಳ ಮೇಲೆ ಕಾಯಿತುರಿ, ಉಪ್ಪು, ಪಕ್ಕದಲ್ಲಿ ಹಸಿಮೆಣಸು–ಬೆಳ್ಳುಳ್ಳಿ ಚಟ್ನಿ. ಉಳಿದ ಕೋನವನ್ನು ತುರಿದು ಬೆಲ್ಲ, ಕಾಯಿಹಾಲು ಹಾಕಿ ಕುದಿಸಿದರೆ ನೇರಳೆ ಪಾಯಸ. ಬಿಳಿ ಕೋನವೂ ಇರುತ್ತದೆ, ಆದ್ದರಿಂದ ಕೊಳ್ಳುವಾಗ ತುದಿ ಕತ್ತರಿಸಿ ನೋಡಿ.

ನೇರಳೆ ಕೋನ ಸಿಕ್ಕಿದರೆ ಮಕ್ಕಳಿಗೆ ಒಂದು ಮೋಜು ಕಾದಿದೆ. ಬೇಯಿಸಿದ ನೀರನ್ನು ಮೂರು ಲೋಟಕ್ಕೆ ಹಾಕಿ. ಒಂದಕ್ಕೆ ನಿಂಬೆರಸ ಹಿಂಡಿದರೆ ಗುಲಾಬಿ ಕಡೆಗೆ ತಿರುಗುತ್ತದೆ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೀಲಿ–ಹಸಿರು. ನೇರಳೆ ಹಣ್ಣಿಗೂ ಕೆಂಪು ಎಲೆಕೋಸಿಗೂ ಬಣ್ಣ ಕೊಡುವ ಆಂಥೋಸಯನಿನ್ ಎಂಬ ವರ್ಣಕವೇ ಇಲ್ಲೂ ಕೆಲಸ ಮಾಡುವುದು. ಶಾಲೆಯ ಲಿಟ್ಮಸ್ ಕಾಗದಕ್ಕಿಂತ ಇದು ತಲೆಯಲ್ಲಿ ಉಳಿಯುತ್ತದೆ. ಇನ್ನೊಂದು ಆಟ, ಕಣ್ಣು ಕಟ್ಟಿ ತುಂಡು ಬಾಯಿಗಿಟ್ಟು ಯಾವ ಗೆಡ್ಡೆ ಎಂದು ಹೇಳಿಸುವುದು. ಇದರಲ್ಲಿ ಅಜ್ಜ–ಅಜ್ಜಿಯರನ್ನು ಸೋಲಿಸುವುದು ಕಷ್ಟ.

ಇದೇ ಹಂಗಾಮಿನಲ್ಲಿ ಗುಜರಾತಿನವರು ಉತ್ತರಾಯಣಕ್ಕೆ ಇದೇ ನೇರಳೆ ಗೆಣಸು ಹಾಕಿ ಉಂಧಿಯೂ ಮಾಡುತ್ತಾರೆ. ಕೇರಳದವರು ಧನು ಮಾಸದ ತಿರುವಾದಿರಕ್ಕೆ ಗೆಡ್ಡೆಗಳನ್ನು ಸುಟ್ಟು ಎಟ್ಟಂಗಾಡಿ ಮಾಡುತ್ತಾರೆ. ಭೂಮಿಯಿಂದ ಗೆಡ್ಡೆ ಏಳುವ ಹೊತ್ತಿಗೆ ಎಲ್ಲ ಕಡೆ ಒಂದೊಂದು ಹಬ್ಬ. ದಾಂಡೇಲಿಯಲ್ಲಿ ಇದ್ದರೆ ಪಕ್ಕದ ಮನೆಯ ಮಲಯಾಳಿ ಚೇಚಿಯನ್ನೇ ಕೇಳಿ ನೋಡಿ, ನಿಮ್ಮ ಹಬ್ಬಕ್ಕೆ ಇನ್ನೊಂದು ಪಾತ್ರೆ ಸೇರಿಕೊಳ್ಳುತ್ತದೆ.

ಮಳೆಗಾಲದ ಹಬ್ಬ ಪಾತೋಳಿ. ಕೊಂಕಣಿ ಮನೆಗಳಲ್ಲಿ ನಾಗರ ಪಂಚಮಿಗೋ ಚೌತಿಗೋ ಅರಿಶಿನ ಎಲೆಯ ಕಡುಬು ಮಾಡುತ್ತಾರೆ. ಗೋವಾದ ಕ್ರೈಸ್ತರು ಆಗಸ್ಟ್ 15ರ ಮೇರಿಯಮ್ಮನ ಹಬ್ಬಕ್ಕೆ ಮಾಡುವುದೂ ಅದನ್ನೇ. ಎರಡು ಧರ್ಮ, ಒಂದೇ ಎಲೆ. ಕಾರಣ ಸರಳ. ಅರಿಶಿನದ ಎಲೆ ಅಗಲವಾಗಿ, ಘಮಘಮ ಎನ್ನುವುದು ಆಗಲೇ. ಚಳಿಗಾಲಕ್ಕೆ ಗಿಡ ಒಣಗಿ ನೆಲದೊಳಗಿನ ಕೊಂಬು ಮಾತ್ರ ಉಳಿಯುತ್ತದೆ.

ಎರಡು ಲೋಟ ದೋಸೆ ಅಕ್ಕಿ ಮೂರು–ನಾಲ್ಕು ತಾಸು ನೆನೆಸಿ, ನೀರು ಹಿಡಿತದಲ್ಲಿಟ್ಟು ನುಣ್ಣಗೆ ರುಬ್ಬಿ. ಹಿಟ್ಟು ಬೆರಳಿನಿಂದ ಸವರಲು ಬರಬೇಕು, ಹರಿಯಬಾರದು. ಹರಿದರೆ ಒಂದೆರಡು ಚಮಚ ಅಕ್ಕಿಹಿಟ್ಟು ಸೇರಿಸಿ. ಒಂದು ತೆಂಗಿನಕಾಯಿಯ ತುರಿಗೆ ಮುಕ್ಕಾಲು ಲೋಟ ಬೆಲ್ಲ, ಏಲಕ್ಕಿ. ಕೆಲವರು ಇದನ್ನು ಒಲೆಯ ಮೇಲೆ ಕಾಯಿಸುತ್ತಾರೆ, ನನಗೆ ಹಸಿ ಚೂರ್ಣವೇ ಇಷ್ಟ, ಹಬೆಯಲ್ಲಿ ಬೆಲ್ಲ ಕರಗಿ ಎಲೆಯ ವಾಸನೆ ಹೀರಿಕೊಳ್ಳುತ್ತದೆ. ಎಲೆ ತೊಳೆದು ಒರೆಸಿ, ಹಿಟ್ಟು ತೆಳುವಾಗಿ ಸವರಿ, ನಡುನರದ ಒಂದು ಮಗ್ಗುಲಿಗೆ ಚೂರ್ಣ ಹರಡಿ, ಉದ್ದಕ್ಕೆ ಮಡಚಿ ಅಂಚು ಒತ್ತಿ. ಹಬೆಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ. ಇಳಿಸಿದ ಕೂಡಲೇ ಬಿಡಿಸಲು ಹೋದರೆ ಎಲೆಗೆ ಅಂಟಿ ಹರಿಯುತ್ತದೆ, ಐದು ನಿಮಿಷ ಬಿಟ್ಟರೆ ತಾನೇ ಬಿಡುತ್ತದೆ. ಎಲೆಯ ನರಗಳ ಗೆರೆ ಕಡುಬಿನ ಮೈಮೇಲೆ ಅಚ್ಚಾಗಿರುತ್ತದೆ. ಸವರುವುದು ಮಕ್ಕಳ ಕೆಲಸ, ಮಡಚುವುದು ದೊಡ್ಡವರದು, ಒಂದು ಮಡಕೆಯಲ್ಲಿ ಅರಿಶಿನ ನೆಟ್ಟು ಎಲೆ ಒದಗಿಸುವುದು ಅಡುಗೆಮನೆಗೆ ಬಾರದ ಗಂಡಸರದು. ಮೇ ಕೊನೆಗೆ ಒಂದು ಕೊಂಬು ಹೂತಿಟ್ಟರೆ ಶ್ರಾವಣದ ಹೊತ್ತಿಗೆ ಎಲೆ ಸಿಗಲು ಶುರು.

ಅದೇ ಪಂಚಮಿಯ ಹಿಂದುಮುಂದೆ ಹಳಿಯಾಳ–ಮುಂಡಗೋಡದ ಬಯಲು ಸೆರಗಿನಲ್ಲಿ, ಧಾರವಾಡ–ಹಾವೇರಿ ಕಡೆಯಂತೆ, ರೊಟ್ಟಿ ಹಬ್ಬ. ಮನೆಮನೆಯಲ್ಲೂ ಜೋಳದ, ಸಜ್ಜೆಯ ರೊಟ್ಟಿ ಬಡಿದು, ಪಲ್ಯ, ಕಾಳು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇಟ್ಟು ನೆರೆಮನೆಗೆ ಕೊಟ್ಟು ಬರುವುದು. ಅಪಾರ್ಟ್‌ಮೆಂಟಿಗೆ ಇದಕ್ಕಿಂತ ಒಪ್ಪುವ ಹಬ್ಬ ಇನ್ನೊಂದಿಲ್ಲ. ರೊಟ್ಟಿ ಬಡಿಯಲು ಬಾರದವರು ಹೆದರಬೇಕಿಲ್ಲ. ಜೋಳದಲ್ಲಿ ಗೋಧಿಯ ಹಾಗೆ ಜಿಗುಟು ಇಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ಕಲಸುವುದು. ಬಿಸಿಗೆ ಪಿಷ್ಟ ಅರಳಿ ಅಂಟು ಬರುತ್ತದೆ. ಹಿಟ್ಟು ಹೊಸದಾಗಿ ಬೀಸಿದ್ದಾಗಿರಬೇಕು, ತಿಂಗಳು ಹಳೆಯದಾದರೆ ಎಂಥ ಕೈಯೂ ಸೋಲುತ್ತದೆ. ನೆರೆಯವರಿಂದ ಬಂದ ತಟ್ಟೆಯನ್ನು ಖಾಲಿ ಕಳಿಸಬಾರದು, ಹೀಗಾಗಿ ಹಬ್ಬ ತಾನಾಗಿ ಎರಡು ದಿನ ಎಳೆಯುತ್ತದೆ.

ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗಳನ್ನು ಹೊಲ ಇದ್ದವರಿಗೆ ಹೇಳಿಕೊಡಬೇಕಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಅಲ್ಲೇ ಕೂತು ಉಂಡು ಬರುವ ಹಬ್ಬಗಳವು. ಹೊಲ ಇಲ್ಲದ ಪೇಟೆಯವರು ನೆಂಟರ ಹೊಲಕ್ಕೆ ಬುತ್ತಿ ಸಮೇತ ಹಾಜರಾಗುವುದೇ ವಾಸಿ. ಖಡಕ್ ರೊಟ್ಟಿ, ಎಣ್ಣೆಗಾಯಿ, ಕರಿಗಡಬು, ಮೊಸರು ಇವೆಲ್ಲ ಫ್ರಿಜ್ ಇಲ್ಲದೆ ಮಧ್ಯಾಹ್ನದ ತನಕ ಕೆಡದ ಅಡುಗೆಗಳು, ಪಟ್ಟಿ ತಯಾರಾದದ್ದೇ ಆ ಲೆಕ್ಕದಲ್ಲಿ. ತಾರಸಿಯ ಮೇಲೆ ಚಾಪೆ ಹಾಸಿ ಮಾಡುವವರೂ ಇದ್ದಾರೆ. ಹೊಲದ ಗಾಳಿ ಅಲ್ಲಿ ಬೀಸುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಒಂದೇ ವರ್ಷದಲ್ಲಿ ಇಷ್ಟನ್ನೂ ಮಾಡಲು ಹೊರಟರೆ ಎರಡನೇ ಹಬ್ಬಕ್ಕೇ ಸುಸ್ತು. ಮಳೆಗಾಲದ್ದೊಂದು, ಚಳಿಗಾಲದ್ದೊಂದು ಆರಿಸಿಕೊಳ್ಳಿ. ಶಾಲೆಗೆ ರಜೆ ಇಲ್ಲದ ದಿನ ಬಂದರೆ ಹತ್ತಿರದ ಭಾನುವಾರಕ್ಕೆ ತಳ್ಳಿ. ಪೂಜೆಗೆ ತಿಥಿ ಮುಖ್ಯ, ಕಡುಬಿಗೆ ಎಲೆ ಸಿಕ್ಕರೆ ಆಯಿತು. ಪದಾರ್ಥವನ್ನು ಎರಡು ದಿನ ಮೊದಲೇ ತಂದಿಡಿ, ಅರಿಶಿನ ಎಲೆಯನ್ನು ಮಾತ್ರ ಅಂದೇ ಕೊಯ್ಯಿರಿ. ಕೋನ, ಸುವರ್ಣಗೆಡ್ಡೆಗಳನ್ನು ತೊಳೆಯದೆ ಮಣ್ಣು ಸಮೇತ ಗಾಳಿಯಾಡುವ ನೆರಳಿನಲ್ಲಿಟ್ಟರೆ ವಾರಗಟ್ಟಲೆ ಬಾಳುತ್ತವೆ. ಫ್ರಿಜ್‌ಗೆ ಹಾಕಿದರೆ ಬೇಗ ಕೆಡುತ್ತವೆ. ಕೋನದ ತಲೆಯ ಭಾಗವನ್ನು ಎರಡು ಬೆರಳು ದಪ್ಪಕ್ಕೆ ಕತ್ತರಿಸಿ, ಕೊಯ್ದ ಕಡೆ ಬೂದಿ ಹಚ್ಚಿ ಎತ್ತಿಡಿ. ಮುಂಗಾರಿಗೆ ಅದನ್ನೇ ಒಂದು ಹಳೆಯ ಗೋಣಿಚೀಲದ ಮಣ್ಣಿನಲ್ಲಿ ಹೂಳಬಹುದು, ಬಳ್ಳಿಗೆ ಹಬ್ಬಲು ಒಂದು ಕೋಲು ಬೇಕು. ಗುತುಕ್‌ನ ದಿನ ಗೊತ್ತುಮಾಡಿಕೊಳ್ಳಲು ಲೋಸರ್‌ನ ತಾರೀಖು ನೋಡಿ. 2025ರಲ್ಲಿ ಅದು ಫೆಬ್ರುವರಿ 28ಕ್ಕೆ ಬಂದಿತ್ತು, 2026ರಲ್ಲಿ ಫೆಬ್ರುವರಿ 18ಕ್ಕೆ. ವರ್ಷವರ್ಷಕ್ಕೂ ಹಿಂದುಮುಂದಾಗುವುದರಿಂದ ಮುಂಡಗೋಡದ ಕ್ಯಾಂಪಿನ ಯಾವ ಅಂಗಡಿಯಲ್ಲಾದರೂ ಜನವರಿಯಲ್ಲೇ ಕೇಳಿಕೊಂಡರೆ, ಒಣ ಚೀಸನ್ನೂ ಅಲ್ಲೇ ಕೊಂಡು ಬರಬಹುದು.